ಒಂದೇ ಮಗು, ನಾಲ್ಕು ರೋಗಗಳ ಹೆಸರು: ಯಾವುದು ಯಾವುದೆಂದು ತಿಳಿಯುವುದು ಹೇಗೆ?

ಬಿಳಿಮೋಡ
ಮಗನಿಗೆ ಏಳು ವರ್ಷ. ಪಾಠದ ನಡುವೆ ಎಲ್ಲೋ ದಿಟ್ಟಿಸುತ್ತ ಕುಳಿತುಬಿಡುತ್ತಾನೆ, ಕೇಳಿದ್ದಕ್ಕೆ ಉತ್ತರವಿಲ್ಲ. ಇದನ್ನು ನೋಡಿ ಶಾಲೆಯ ಆಪ್ತಸಲಹೆಗಾರರು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ ಇರಬಹುದು ಎಂದರು. ಕಣ್ಣುಗಳನ್ನು ಬಿಗಿಯಾಗಿ ಮಿಟುಕಿಸುತ್ತಾನೆ, ಮೂಗು ಸೊಟ್ಟಗೆ ಮಾಡುತ್ತಾನೆ, ಆಗಾಗ ಗಂಟಲು ಸರಿಪಡಿಸಿಕೊಳ್ಳುತ್ತಾನೆ. ಅದಕ್ಕೆ ಮಕ್ಕಳ ವೈದ್ಯರು ಟಿಕ್ಸ್ ಎಂದರು. ಪೆನ್ಸಿಲ್‌ಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ ಮೇಲೆಯೇ ಬರೆಯಲು ಕೂರುವುದು. ಅದನ್ನು ಕೇಳಿದ ಇನ್ನೊಬ್ಬರು ಆಟಿಸಂ ಎಂದರು, ಮತ್ತೊಬ್ಬರು ಗೀಳು ಕಾಯಿಲೆ ಎಂದರು. ಸಿಟ್ಟು ಬಂದರೆ ಅರ್ಧ ಗಂಟೆ ಕೂಗಾಟ. ಅದಕ್ಕೆ ಯಾರೂ ಇನ್ನೂ ಹೆಸರಿಟ್ಟಿಲ್ಲ, ಪುಣ್ಯ. ಇವುಗಳನ್ನು ಒಂದರಿಂದ ಒಂದು ಬೇರ್ಪಡಿಸುವುದು ಹೇಗೆ? ರಕ್ತಪರೀಕ್ಷೆಯೋ ಸ್ಕ್ಯಾನೋ ಏನಾದರೂ ಇದ್ದರೆ ನೇರವಾಗಿ ಅದನ್ನೇ ಮಾಡಿಸಿಬಿಡುತ್ತೇವೆ.

ಅನುಮಾನಪ್ರಿಯ
ಏಳು ವರ್ಷದ ಹುಡುಗ ಪಾಠದ ಸಮಯದಲ್ಲಿ ಕಿಟಕಿಯ ಹೊರಗೆ ನೋಡುತ್ತಾನೆ. ಅಬ್ಬಾ, ಎಂತಹ ಭಯಂಕರ ರೋಗ! ನಮ್ಮ ಕಾಲದಲ್ಲಿ ಇಂತಹ ಮಕ್ಕಳಿಗೆ ತುಂಟ, ಮಂಕು, ಹಟಮಾರಿ ಎಂಬ ಮೂರೇ ಹೆಸರುಗಳಿದ್ದವು. ಹೆಚ್ಚಿನವರು ದೊಡ್ಡವರಾಗಿ ಚೆನ್ನಾಗಿಯೇ ಇದ್ದಾರೆ. ಬಿಟ್ಟುಬಿಡಿ, ತಾನಾಗಿ ಸರಿಹೋಗುತ್ತದೆ.

ಇಬ್ಬರಮ್ಮ
ಅನುಮಾನಪ್ರಿಯರೇ, ಆ ಮೂರು ಹೆಸರುಗಳನ್ನು ಹೊತ್ತು ಬೆಳೆದವರನ್ನು ಕೇಳಿ ನೋಡಿ, ಅವು ಎಷ್ಟು ಭಾರವಾಗಿದ್ದವು ಎಂದು ಹೇಳುತ್ತಾರೆ. ಬಿಳಿಮೋಡ ಅವರೇ, ಕಣ್ಣು ಮಿಟುಕಿಸುವ ವಿಷಯದಲ್ಲಿ ನನಗೆ ಹೇಳುವುದು ಬಹಳ ಇದೆ, ಆಮೇಲೆ ಬರೆಯುತ್ತೇನೆ. ಈ ವೇದಿಕೆಯಲ್ಲಿ ಮಕ್ಕಳ ನರರೋಗ ತಜ್ಞೆಯೊಬ್ಬರಿದ್ದಾರೆ, ಮೊದಲು ಅವರು ಬರೆಯಲಿ.

ಮಕ್ಕಳ ನರವೈದ್ಯೆ
ಕರೆದಿದ್ದಕ್ಕೆ ವಂದನೆ. ಮೊದಲೇ ಹೇಳಿಬಿಡುತ್ತೇನೆ, ಪರದೆಯ ಮೇಲೆ ಓದಿ ಯಾವ ಮಗುವಿಗೂ ರೋಗನಿರ್ಣಯ ಮಾಡಲಾಗದು. ಆದರೆ ನಿರ್ಣಯಕ್ಕೆ ಬರುವ ದಾರಿ ಯಾವುದೆಂದು ಹೇಳಬಹುದು.

ಎಡಿಎಚ್‌ಡಿ, ಆಟಿಸಂ, ಟಿಕ್ಸ್, ಗೀಳು ಕಾಯಿಲೆ ಈ ನಾಲ್ಕನ್ನೂ ಹೌದು ಅಥವಾ ಅಲ್ಲ ಎಂದು ತೀರ್ಮಾನಿಸುವ ರಕ್ತಪರೀಕ್ಷೆ ಇಲ್ಲ, ಎಂಆರ್‌ಐ ಕೂಡ ಇಲ್ಲ. ಪರೀಕ್ಷೆ ಮಾಡಿಸುವುದು ಇವುಗಳಂತೆ ಕಾಣುವ ಬೇರೆ ಕಾಯಿಲೆಗಳನ್ನು ಹೊರಗಿಡಲು. ಹಾಗಾಗಿ ಎಲ್ಲ ಮಕ್ಕಳಿಗೂ ಎಲ್ಲ ಪರೀಕ್ಷೆ ಬೇಕಾಗಿಲ್ಲ. ಯಾವ ಅನುಮಾನಕ್ಕೆ ಯಾವ ಪರೀಕ್ಷೆ ಎಂಬುದು ಮಗುವಿನ ಕಥೆ ಕೇಳಿದ ಮೇಲೆ ಗೊತ್ತಾಗುತ್ತದೆ.

ನಾನು ಲಕ್ಷಣದ ಹೆಸರನ್ನು ಅಷ್ಟಾಗಿ ನಂಬುವುದಿಲ್ಲ. ‘ಗಮನವಿಲ್ಲ’ ಎಂಬ ಒಂದು ದೂರಿನ ಹಿಂದೆ ಹತ್ತು ಕಾರಣಗಳಿರಬಹುದು. ಅದು ಎಂದು ಶುರುವಾಯಿತು, ದಿನವಿಡೀ ಇದೆಯೋ ಬಂದು ಹೋಗುತ್ತದೆಯೋ, ಎಲ್ಲಿ ಕಾಣುತ್ತದೆ ಎಲ್ಲಿ ಕಾಣುವುದಿಲ್ಲ, ಏನು ಮಾಡಿದರೆ ನಿಲ್ಲುತ್ತದೆ, ಅದಕ್ಕೂ ಮೊದಲು ಮಗು ಹೇಗಿತ್ತು ಎಂದು ಕೇಳುತ್ತೇನೆ. ಅರ್ಧ ನಿರ್ಣಯ ಅಲ್ಲಿಯೇ ಆಗಿರುತ್ತದೆ.

ನಿಮ್ಮ ಮಗನ ದಿಟ್ಟಿಸುವಿಕೆಯನ್ನೇ ತೆಗೆದುಕೊಳ್ಳಿ. ಎಡಿಎಚ್‌ಡಿ ಇರುವ ಮಗು ಬೇಸರದ ಕೆಲಸದ ನಡುವೆ ಮೆಲ್ಲನೆ ಎಲ್ಲೋ ಜಾರಿಹೋಗುತ್ತದೆ. ಭುಜ ಮುಟ್ಟಿದರೆ, ಇಷ್ಟದ ವಿಷಯ ಎತ್ತಿದರೆ ಮರಳಿ ಬರುತ್ತದೆ. ಆಬ್ಸೆನ್ಸ್ ಎಂಬ ಬಗೆಯ ಮೂರ್ಛೆರೋಗ ಹಾಗಲ್ಲ. ನಾಲ್ಕರಿಂದ ಹತ್ತು ವರ್ಷದ ಮಕ್ಕಳಲ್ಲಿ ಶುರುವಾಗುವ ಇದರಲ್ಲಿ ಮಗು ಬೀಳುವುದಿಲ್ಲ, ಕೈಕಾಲು ಅದುರುವುದಿಲ್ಲ. ಮಾತಿನ ಮಧ್ಯೆ, ಊಟದ ಮಧ್ಯೆ, ಆಟದ ಮಧ್ಯೆಯೂ ತಟಕ್ಕನೆ ನಿಂತುಬಿಡುತ್ತದೆ. ರೆಪ್ಪೆ ಪಟಪಟಿಸಬಹುದು, ತುಟಿ ಚಪ್ಪರಿಸಬಹುದು. ಮುಟ್ಟಿದರೂ ಕರೆದರೂ ಓಗೊಡುವುದಿಲ್ಲ. ಹೆಚ್ಚಾಗಿ 5ರಿಂದ 20 ಸೆಕೆಂಡುಗಳಲ್ಲಿ ಮುಗಿದು, ಏನೂ ಆಗಿಲ್ಲವೆಂಬಂತೆ ನಿಲ್ಲಿಸಿದ್ದ ಕೆಲಸ ಮುಂದುವರಿಯುತ್ತದೆ. ದಿನಕ್ಕೆ ಹತ್ತಾರು ಸಲ ಬರಬಹುದು. ಅಷ್ಟು ಸಲ ಪಾಠದ ಎಳೆ ಕಡಿದುಹೋದ ಮಗು ಮಂಕಾಗಿ ಕಾಣದೆ ಇನ್ನೇನು? ಇಷ್ಟದ ಆಟದ ನಡುವೆಯೂ ಹೀಗಾಗುತ್ತದೆಯೇ ಎಂದು ಗಮನಿಸಿ. ಇದಕ್ಕೆ ಇಇಜಿ ಎಂಬ, ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ನಿಖರವಾದ ಪರೀಕ್ಷೆ ಇದೆ.

ಬಿಳಿಮೋಡ
ಮುಟ್ಟಿ ನೋಡಿಲ್ಲ, ಕೂಗಿ ಕರೆದಿದ್ದೇವೆ ಅಷ್ಟೇ. ಕೆಲವು ಸಲ ತಿರುಗುತ್ತಾನೆ, ಕೆಲವು ಸಲ ಇಲ್ಲ. ಟಿವಿ ನೋಡುವಾಗಲೂ ತಿರುಗುವುದಿಲ್ಲ, ಆದರೆ ಟಿವಿಯ ಮುಂದೆ ಯಾರು ತಿರುಗುತ್ತಾರೆ? ಕಣ್ಣು ಮಿಟುಕಿಸುವುದು ದಿಟ್ಟಿಸುವಾಗಲೇ ಆಗುತ್ತದೆಯೋ ಬೇರೆ ಹೊತ್ತಿನಲ್ಲೋ ಎಂಬುದನ್ನು ನಾವು ಯಾರೂ ನೋಡಿಯೇ ಇಲ್ಲ.

ಹಳೆಮೇಷ್ಟ್ರು
ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಾಥಮಿಕ ತರಗತಿಗಳಿಗೆ ಪಾಠ ಮಾಡಿದವನು. ಶಾಲೆಯಿಂದ ಬರುವ ವರದಿಯನ್ನು ಹೇಗೆ ಓದಬೇಕು ಎಂಬುದರ ಬಗ್ಗೆ ಎರಡು ಮಾತು.

ಒಬ್ಬ ಶಿಕ್ಷಕರ ಮಾತನ್ನು ಮಾತ್ರ ನಂಬಬೇಡಿ, ಮೂರು ಜನರನ್ನು ಕೇಳಿ. ಗಣಿತದಲ್ಲಿ ಚುರುಕಾಗಿದ್ದು ಭಾಷೆಯ ಪಾಠದಲ್ಲಿ ಮಾತ್ರ ಮಗು ಒದ್ದಾಡುತ್ತಿದ್ದರೆ, ಪುಸ್ತಕ ತೆರೆದ ಕೂಡಲೇ ನೀರು ಕುಡಿಯಲು ಎದ್ದುಹೋಗುತ್ತಿದ್ದರೆ, ಅದು ಓದಿನ ತೊಂದರೆ ಇರಬಹುದು, ಡಿಸ್ಲೆಕ್ಸಿಯಾದಂಥದ್ದು. ಅಕ್ಷರ ಹಿಡಿತಕ್ಕೆ ಸಿಗದ ಮಗು ಪುಟದ ಮೇಲೆ ಎಷ್ಟು ಹೊತ್ತು ಗಮನ ಇಟ್ಟೀತು? ಹಿಂದಿನ ಬೆಂಚಿನಲ್ಲಿ ಮಾತ್ರ ಗಮನವಿಲ್ಲದ ಮಗುವಿನ ಕಣ್ಣು ಪರೀಕ್ಷೆ ಮಾಡಿಸಬೇಕು. ಮುಂದೆ ನಿಂತು ಹೇಳಿದರೆ ಕೇಳುತ್ತದೆ, ಬೆನ್ನ ಹಿಂದಿನಿಂದ ಹೇಳಿದರೆ ಇಲ್ಲ ಎಂದರೆ ಕಿವಿ.

ಇನ್ನೊಂದು ವಿಷಯವನ್ನು ಶಾಲೆಯವರು ಹೇಳುವುದಿಲ್ಲ. ಒಂದೇ ತರಗತಿಯಲ್ಲಿ ಹಿರಿಯ ಮಗುವಿಗೂ ಕಿರಿಯ ಮಗುವಿಗೂ ಹತ್ತು ಹನ್ನೊಂದು ತಿಂಗಳ ಅಂತರ ಇರಬಹುದು. ಆರು ವರ್ಷದವರಲ್ಲಿ ಅದು ದೊಡ್ಡ ಅಂತರ. ತರಗತಿಯ ಅತಿ ಕಿರಿಯ ಮಕ್ಕಳಿಗೆ ಎಡಿಎಚ್‌ಡಿ ಹೆಸರು ಹೆಚ್ಚಾಗಿ ಅಂಟಿಕೊಳ್ಳುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಬಿಳಿಮೋಡ ಅವರೇ, ನಿಮ್ಮ ಮಗ ತರಗತಿಯಲ್ಲಿ ಹಿರಿಯನೋ ಕಿರಿಯನೋ?

ಬಿಳಿಮೋಡ
ಕಿರಿಯರಲ್ಲೊಬ್ಬ.

ಇಬ್ಬರಮ್ಮ
ಈಗ ಕಣ್ಣಿನ ವಿಷಯ. ನನ್ನ ದೊಡ್ಡ ಮಗನಿಗೆ ಟುರೆಟ್, ಅಂದರೆ ವರ್ಷ ದಾಟಿ ಉಳಿಯುವ ಟಿಕ್ಸ್ ಕಾಯಿಲೆ ಇದೆ, ಚಿಕ್ಕವನಿಗೆ ಆಟಿಸಂ. ದೊಡ್ಡವನದು ಶುರುವಾದದ್ದೇ ಕಣ್ಣು ಮಿಟುಕಿಸುವುದರಿಂದ. ಕಣ್ಣಿನ ವೈದ್ಯರು ಅಲರ್ಜಿ ಎಂದು ಹನಿ ಕೊಟ್ಟರು. ಗಂಟಲಿನ ಸದ್ದಿಗೆ ಕೆಮ್ಮಿನ ಔಷಧ ಬಂತು. ಅದು ಕೆಮ್ಮಲ್ಲ ಎಂದು ಮೊದಲು ಹೇಳಿದ್ದು ಅಜ್ಜಿ: ನಿದ್ದೆಯಲ್ಲಿ ಹುಡುಗ ಕೆಮ್ಮುವುದೇ ಇಲ್ಲವಲ್ಲ ಎಂದರು.

ಟಿಕ್ಸ್ ಗಳಿಗೆಗೊಂದು ವೇಷ ಹಾಕುತ್ತವೆ. ಈ ತಿಂಗಳು ಕಣ್ಣು, ಮುಂದಿನ ತಿಂಗಳು ಭುಜ, ಆಮೇಲೆ ಸ್ವಲ್ಪ ಕಾಲ ಏನೂ ಇಲ್ಲ, ಮತ್ತೆ ಬರುತ್ತದೆ. ಹೆಚ್ಚಿನವರಲ್ಲಿ ಐದಾರು ವರ್ಷದ ಹೊತ್ತಿಗೆ ಶುರುವಾಗಿ ಹತ್ತು ಹನ್ನೆರಡು ವರ್ಷದ ಹೊತ್ತಿಗೆ ಜೋರಾಗುತ್ತದೆ, ಹದಿವಯಸ್ಸು ಮುಗಿಯುವಾಗ ಅನೇಕರಲ್ಲಿ ಇಳಿಯುತ್ತದೆ. ದೊಡ್ಡವನು ಹೇಳುವ ಪ್ರಕಾರ ಟಿಕ್ ಬರುವ ಮೊದಲು ಅಲ್ಲಿ ಏನೋ ತುಂಬಿಕೊಂಡಂತೆ, ತುರಿಸಿದಂತೆ ಆಗುತ್ತದೆ; ಮಾಡಿದ ಮೇಲೆ ಹಗುರ. ಸ್ವಲ್ಪ ಹೊತ್ತು ತಡೆಹಿಡಿಯಬಲ್ಲ. ಶಾಲೆಯಲ್ಲಿ ತಡೆಹಿಡಿದು ಮನೆಗೆ ಬಂದ ಮೇಲೆ ಎಲ್ಲವನ್ನೂ ಹೊರಗೆ ಹಾಕುತ್ತಾನೆ. ಪಾಠದ ಹೊತ್ತಿನಲ್ಲಿ ಅವನ ತಲೆಯೆಲ್ಲ ಟಿಕ್ ತಡೆಯುವ ಕೆಲಸದಲ್ಲೇ ಇತ್ತು, ಶಿಕ್ಷಕರಿಗೆ ಅದು ಗಮನವಿಲ್ಲದಂತೆ ಕಂಡಿತು.

ಚಿಕ್ಕವನು ಖುಷಿಯಾದಾಗ ಎರಡೂ ಕೈಗಳನ್ನು ರೆಕ್ಕೆಯಂತೆ ಬಡಿಯುತ್ತಾನೆ. ಮೂರು ವರ್ಷಕ್ಕೆ ಮೊದಲಿನಿಂದಲೂ ಅದೇ ಚಲನೆ, ಅದೇ ಲಯ. ಅದರಿಂದ ಅವನಿಗೆ ಕಿರಿಕಿರಿಯಿಲ್ಲ, ಹೆಸರು ಹಿಡಿದು ಕರೆದು ಬೇರೆ ಏನಾದರೂ ತೋರಿಸಿದರೆ ನಿಲ್ಲುತ್ತದೆ. ಇದು ಟಿಕ್ ಅಲ್ಲ, ಸ್ಟೀರಿಯೋಟೈಪಿ ಎನ್ನುತ್ತಾರೆ. ಆಟಿಸಂ ಇಲ್ಲದ ಮಕ್ಕಳಲ್ಲಿಯೂ ಇರುತ್ತದೆ, ಕೈ ಬಡಿದದ್ದನ್ನು ಕಂಡ ಕೂಡಲೇ ಯಾರೂ ಗಾಬರಿಯಾಗಬೇಡಿ. ಟುರೆಟ್ ಎಂದರೆ ಕೆಟ್ಟ ಬೈಗುಳ ಎಂದು ಸಿನಿಮಾ ನೋಡಿ ಕಲಿತವರಿಗೂ ಒಂದು ಮಾತು: ಬೈಗುಳ ಬರುವುದು ಕೆಲವೇ ಮಂದಿಯಲ್ಲಿ.

ಮಕ್ಕಳ ನರವೈದ್ಯೆ
ಇಬ್ಬರಮ್ಮ ಅವರ ವಿವರಣೆಗೆ ನಾನು ಸೇರಿಸುವುದು ಕಡಿಮೆ. ಬಗೆಬಗೆಯ ಚಲನ ಟಿಕ್‌ಗಳ ಜೊತೆ ಒಂದಾದರೂ ಧ್ವನಿಯ ಟಿಕ್ ಇದ್ದು, ಶುರುವಾಗಿ ಒಂದು ವರ್ಷ ದಾಟಿದ್ದರೆ, 18 ವರ್ಷಕ್ಕೆ ಮೊದಲು ಕಾಣಿಸಿಕೊಂಡಿದ್ದರೆ ಅದಕ್ಕೆ ಟುರೆಟ್ ಎನ್ನುತ್ತೇವೆ. ಹೆಸರು ಬಂದದ್ದು 1885ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಜಾರ್ಜ್ ಜಿಲ್ ದ ಲಾ ಟುರೆಟ್ ಅವರಿಂದ. ಕೆಲವು ತಿಂಗಳು ಬಂದು ಹೋಗುವ ಟಿಕ್ ಶಾಲೆಗೆ ಹೋಗುವ ಮಕ್ಕಳಲ್ಲಿ ತೀರ ಸಾಮಾನ್ಯ, ಅದಕ್ಕೆ ಚಿಕಿತ್ಸೆಯೇ ಬೇಕಾಗಿಲ್ಲ. ಪದೇ ಪದೇ ‘ಹಾಗೆ ಮಾಡಬೇಡ’ ಎನ್ನುವುದನ್ನು ನಿಲ್ಲಿಸಿದರೆ ಅದೇ ದೊಡ್ಡ ಉಪಕಾರ.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಗೆ ಸೇರಿಕೊಂಡಿದೆ. ಕೋವಿಡ್ ಕಾಲದಲ್ಲಿ ಹಲವು ದೇಶಗಳ ವೈದ್ಯರು, ಹದಿಹರೆಯದಲ್ಲಿ, ಮುಖ್ಯವಾಗಿ ಹುಡುಗಿಯರಲ್ಲಿ, ಒಂದೆರಡು ದಿನಗಳಲ್ಲಿ ಹಠಾತ್ತಾಗಿ ಶುರುವಾದ ಟಿಕ್‌ನಂತಹ ಚಲನೆಗಳನ್ನು ನೋಡಿದರು. ಕಣ್ಣಿನಿಂದ ಶುರುವಾಗುವ ಬದಲು ಮೊದಲೇ ಕೈ ಬೀಸುವುದು, ಇಡೀ ವಾಕ್ಯಗಳನ್ನು ಕೂಗುವುದು. ಇದು ನಟನೆಯಲ್ಲ, ಆದರೆ ಟುರೆಟ್ ಕೂಡ ಅಲ್ಲ. ಟುರೆಟ್‌ನ ಔಷಧ ಇಲ್ಲಿ ಸಾಮಾನ್ಯವಾಗಿ ಫಲ ಕೊಡುವುದಿಲ್ಲ, ಒಳಗಿನ ಆತಂಕಕ್ಕೆ ಚಿಕಿತ್ಸೆ ಬೇಕು.

ಆಟಮನೆ
ನಾನು ಚಿಕಿತ್ಸಾ ಮನಶ್ಶಾಸ್ತ್ರಜ್ಞೆ. ಪೆನ್ಸಿಲ್ ಸಾಲಿನ ಪ್ರಶ್ನೆ ಹಾಗೆಯೇ ಉಳಿದಿದೆ, ಅದು ನನಗೆ ಬಿಡಿ.

ಸಾಲು ಕೆಡಿಸಿದರೆ ಏನಾಗುತ್ತದೆ ಎಂಬುದಕ್ಕಿಂತ, ಜೋಡಿಸುವಾಗ ಮಗುವಿನ ಮುಖ ಹೇಗಿರುತ್ತದೆ ನೋಡಿ. ಆಟಿಸಂ ಇರುವ ಮಗುವಿಗೆ ಜೋಡಿಸುವುದೇ ಸುಖ. ಕೆಡಿಸಿದರೆ ರಂಪ ಮಾಡಬಹುದು, ಆದರೆ ಜೋಡಿಸುವಾಗ ನೆಮ್ಮದಿಯಾಗಿರುತ್ತದೆ. ಗೀಳು ಕಾಯಿಲೆಯಲ್ಲಿ ಆ ಕೆಲಸ ಒಂದು ಹೊರೆ. ‘ಹೀಗೆ ಇಡದಿದ್ದರೆ ಅಮ್ಮನಿಗೆ ಏನಾದರೂ ಆಗುತ್ತದೆ’ ಎಂಬ ಬೇಡದ ಯೋಚನೆ ಮೊದಲು ಬರುತ್ತದೆ, ಕೈ ಅದರ ಹಿಂದೆ ಹೋಗುತ್ತದೆ, ಮುಗಿಸಿದ ಮೇಲೂ ಸಮಾಧಾನ ಬಹಳ ಹೊತ್ತು ನಿಲ್ಲುವುದಿಲ್ಲ. ಏಳು ವರ್ಷದ ಮಗುವಿಗೆ ಇದನ್ನು ಮಾತಿನಲ್ಲಿ ಹೇಳಲು ಬರುವುದಿಲ್ಲ, ನಾಚಿಕೆಯಿಂದ ಮುಚ್ಚಿಡುವುದೂ ಉಂಟು. ‘ಯಾಕೆ ಜೋಡಿಸುತ್ತೀಯ?’ ಎಂದು ಕೇಳಿದರೆ ‘ಗೊತ್ತಿಲ್ಲ’ ಎನ್ನುತ್ತದೆ. ‘ಜೋಡಿಸದಿದ್ದರೆ ಏನಾಗಬಹುದು?’ ಎಂದು ಮೆಲ್ಲಗೆ ಕೇಳಿದರೆ ಕೆಲವೊಮ್ಮೆ ಬಾಗಿಲು ತೆರೆಯುತ್ತದೆ. ಟಿಕ್ಸ್ ಇರುವ ಮಕ್ಕಳದು ಇನ್ನೊಂದು ಬಗೆ: ಭಯವೇನೂ ಇಲ್ಲ, ‘ಸರಿಯಾಯಿತು’ ಅನ್ನಿಸುವವರೆಗೆ ಮುಟ್ಟಬೇಕು, ತಿರುಗಿಸಬೇಕು. ಮತ್ತೆ, ಅಚ್ಚುಕಟ್ಟಿನ ಮಗು ಎಂಬ ಸಾಧ್ಯತೆಯನ್ನೂ ಮರೆಯಬೇಡಿ. ಇಬ್ಬರು ಸ್ನೇಹಿತರಿದ್ದು, ಕಥೆ ಕಟ್ಟಿ ಆಡುತ್ತ, ತಾನು ಕಂಡದ್ದನ್ನು ಬೆರಳು ತೋರಿಸಿ ಹಂಚಿಕೊಳ್ಳುತ್ತ ಬೆಳೆದ ಹುಡುಗ ಪೆನ್ಸಿಲ್ ಜೋಡಿಸಿದ ಮಾತ್ರಕ್ಕೆ ಆಟಿಸಂ ಆಗುವುದಿಲ್ಲ. ಆಟಿಸಂನ ಹುಡುಕಾಟ ಮಾಡಬೇಕಾದದ್ದು ಎರಡು ಮೂರು ವರ್ಷದ ಹಳೆಯ ವಿಡಿಯೋಗಳಲ್ಲಿ.

ಬಿಳಿಮೋಡ
ಸ್ನೇಹಿತರಿದ್ದಾರೆ. ಕಥೆ ಕಟ್ಟುವುದರಲ್ಲಿ ಎತ್ತಿದ ಕೈ, ನಮಗೇ ಸಾಕಾಗುವಷ್ಟು. ನೀವು ಹೇಳಿದಂತೆ ನಿನ್ನೆ ಕೇಳಿದೆ, ಜೋಡಿಸದಿದ್ದರೆ ಏನಾಗುತ್ತದೆ ಎಂದು. ‘ಏನೂ ಆಗಲ್ಲ, ಹೀಗಿದ್ರೆ ಚೆನ್ನಾಗಿರುತ್ತೆ’ ಎಂದ.

ಮಾತಿನಮಲ್ಲಿ
ವಾಕ್ ಮತ್ತು ಶ್ರವಣ ಚಿಕಿತ್ಸಕಿ ನಾನು. ಹೆಸರು ಕರೆದರೆ ತಿರುಗದ ಮಗುವನ್ನು ನೇರವಾಗಿ ಆಟಿಸಂ ಎಂದು ಕಳಿಸುತ್ತಾರೆ, ಕಿವಿಯ ಪರೀಕ್ಷೆ ಆಗಿರುವುದೇ ಇಲ್ಲ. ಇದನ್ನು ಹೇಳಿ ಹೇಳಿ ಬಾಯಿ ನೋಯುತ್ತಿದೆ. ಚಪ್ಪಾಳೆಗೆ ತಿರುಗುತ್ತದೆ ಎಂದರೆ ಕಿವಿ ಸರಿಯಿದೆ ಎಂದರ್ಥವಲ್ಲ. ಕೆಲವು ಧ್ವನಿಗಳು ಮಾತ್ರ ಕೇಳಿಸದಿರುವ ಕಿವುಡೂ ಇದೆ. ಮೊದಲು ಸರಿಯಾದ ಶ್ರವಣ ಪರೀಕ್ಷೆ, ಆಮೇಲೆ ಉಳಿದದ್ದು.

ಮನೆಯಲ್ಲಿ ಪಟಪಟನೆ ಮಾತಾಡಿ ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದ ಮಗುವನ್ನೂ ಆಟಿಸಂ ಎನ್ನುತ್ತಾರೆ. ಅದು ಆಯ್ದ ಮೌನ, ಆತಂಕದ ಕಾಯಿಲೆ. ಮನೆಯ ವಿಡಿಯೋ ಒಂದನ್ನು ನೋಡಿದರೆ ಅರ್ಧ ಅನುಮಾನ ಪರಿಹಾರ.

ಚೆನ್ನಾಗಿ ಮಾತಾಡುತ್ತಿದ್ದ ಮಗು ಮಾತು ಕಳೆದುಕೊಂಡರೆ ಮಾತ್ರ ನಾನು ಕುರ್ಚಿಯಿಂದ ಏಳುತ್ತೇನೆ. ಆಟಿಸಂನಲ್ಲಿ ಹೀಗಾಗುವುದಾದರೆ ಸಾಮಾನ್ಯವಾಗಿ ಒಂದೂಕಾಲರಿಂದ ಎರಡು ವರ್ಷದ ನಡುವೆ, ಇದ್ದ ಹತ್ತಾರು ಪದಗಳು ಹೋಗುತ್ತವೆ. ಮೂರರಿಂದ ಏಳು ವರ್ಷದೊಳಗೆ, ವಾಕ್ಯಗಳಲ್ಲಿ ಮಾತಾಡುತ್ತಿದ್ದ ಮಗುವಿಗೆ ಇತರರ ಮಾತೇ ಅರ್ಥವಾಗದಂತಾದರೆ ಲ್ಯಾಂಡೌ-ಕ್ಲೆಫ್ನರ್ ಸಿಂಡ್ರೋಮ್ ಎಂಬ ಬಗೆಯ ಮೂರ್ಛೆರೋಗವನ್ನು ನೆನಪಿಡಬೇಕು. 1957ರಲ್ಲಿ ವಿವರಿಸಿದ ಇದು ಅಪರೂಪ. ಮನೆಯವರಿಗೆ ಮಗು ಕಿವುಡಾಯಿತೆಂದು ಅನಿಸುತ್ತದೆ, ಶ್ರವಣ ಪರೀಕ್ಷೆ ಸರಿಯಾಗಿಯೇ ಬರುತ್ತದೆ. ಕಣ್ಣಿಗೆ ಕಾಣುವ ಫಿಟ್ಸ್ ಇಲ್ಲದೆಯೂ ಇರಬಹುದು. ನಿದ್ದೆಯಲ್ಲಿ ಇಇಜಿ ತೆಗೆದರೆ ಮಾತ್ರ ಗೊತ್ತಾಗುತ್ತದೆ, ಎಚ್ಚರದಲ್ಲಿ ತೆಗೆದ ಅರ್ಧ ಗಂಟೆಯ ಇಇಜಿ ಸಾಲದು.

ಒಂದೂವರೆ ವರ್ಷದ ಹೊತ್ತಿಗೆ ಕೈಯಲ್ಲಿ ಆಟಿಕೆ ಹಿಡಿಯುವುದನ್ನೇ ಮರೆತು, ಕೈ ತೊಳೆಯುವಂತೆ ಹಿಸುಕುತ್ತ ಕೂರುವ ಹೆಣ್ಣುಮಗುವಿನಲ್ಲಿ ರೆಟ್ ಸಿಂಡ್ರೋಮ್ ನೋಡಬೇಕು. ಇದಕ್ಕೆ ವಂಶವಾಹಿ ಪರೀಕ್ಷೆ ಇದೆ. ಎಂಇಸಿಪಿ2 ಎಂಬ ವಂಶವಾಹಿಯ ದೋಷ ಕಾರಣವೆಂದು ತಿಳಿದದ್ದು 1999ರಲ್ಲಿ.

ಹೊಸದಾರಿ
ನನ್ನ ಮಗಳಿಗೆ ಒಂಬತ್ತು ವರ್ಷ. ಎರಡು ವಾರದ ಹಿಂದಿನವರೆಗೆ ಏನೂ ಇರಲಿಲ್ಲ. ಒಂದೇ ವಾರದಲ್ಲಿ ಕೈ ತೊಳೆಯುವುದು ಶುರುವಾಯಿತು, ಊಟ ವಿಷ ಎನ್ನುತ್ತಾಳೆ, ಅಕ್ಷರ ಕೆಟ್ಟಿದೆ, ಕೈಯಲ್ಲಿ ಹಿಡಿದದ್ದು ಬೀಳುತ್ತದೆ. ಅಂತರ್ಜಾಲದಲ್ಲಿ ಪ್ಯಾಂಡಾಸ್ ಎಂದು ಓದಿದೆ, ಎಲ್ಲವೂ ಹೊಂದುತ್ತದೆ. ಆಂಟಿಬಯಾಟಿಕ್ ಶುರುಮಾಡಬಹುದೇ?

ಮಕ್ಕಳ ನರವೈದ್ಯೆ
ಹೊಸದಾರಿಯವರೇ, ಉಳಿದ ಚರ್ಚೆ ಹಾಗಿರಲಿ, ನೀವು ಮಗಳನ್ನು ಇವತ್ತು ಅಥವಾ ನಾಳೆಯೇ ವೈದ್ಯರಿಗೆ ತೋರಿಸಿ. ಆಂಟಿಬಯಾಟಿಕ್ ನೀವಾಗಿಯೇ ಕೊಡಬೇಡಿ. ಕಾರಣ ಹೇಳುತ್ತೇನೆ.

ಪ್ಯಾಂಡಾಸ್ ಎಂಬುದನ್ನು 1998ರಲ್ಲಿ ಅಮೆರಿಕದ ಸೂಸನ್ ಸ್ವೀಡೋ ಮತ್ತು ಸಂಗಡಿಗರು ವಿವರಿಸಿದರು: ಸ್ಟ್ರೆಪ್ಟೋಕಾಕಸ್ ಗಂಟಲು ಸೋಂಕಿನ ಬೆನ್ನಿಗೆ ಹಠಾತ್ತಾಗಿ ಬರುವ ಗೀಳು ಅಥವಾ ಟಿಕ್ಸ್. ಮುಂದೆ 2012ರ ಹೊತ್ತಿಗೆ ಸೋಂಕಿನ ಷರತ್ತು ಇಲ್ಲದ ಪ್ಯಾನ್ಸ್ ಎಂಬ ವಿಶಾಲವಾದ ಹೆಸರೂ ಬಂತು. ವೈದ್ಯರಲ್ಲಿ ಈ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಬೇರೆ ಎಲ್ಲವನ್ನೂ ಹೊರಗಿಟ್ಟ ಮೇಲೆ ಇಡಬೇಕಾದ ಹೆಸರು ಅದು, ಮೊದಲೇ ಇಡುವುದಲ್ಲ.

ನೀವು ಬರೆದಿದ್ದರಲ್ಲಿ ನನ್ನ ಕಣ್ಣು ನಿಂತದ್ದು ಕೈಯಿಂದ ಬೀಳುವ ವಸ್ತುಗಳ ಮೇಲೆ, ಕೆಟ್ಟ ಅಕ್ಷರದ ಮೇಲೆ. ಸಿಡೆನ್‌ಹ್ಯಾಮ್ ಕೊರಿಯಾ ಎಂಬುದು ಅದೇ ಗಂಟಲು ಸೋಂಕಿನ ಬಳಿಕ ಬರುವ ರುಮ್ಯಾಟಿಕ್ ಜ್ವರದ ಒಂದು ರೂಪ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ, ಹುಡುಗಿಯರಲ್ಲಿ ಹೆಚ್ಚು. ಗೀಳು, ಕಾರಣವಿಲ್ಲದ ಅಳು, ಸಿಡುಕು ಮೊದಲು ಬಂದು, ಚಲನೆ ಆಮೇಲೆ ಕಾಣಬಹುದು. ಟಿಕ್ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸುತ್ತದೆ. ಕೊರಿಯಾದಲ್ಲಿ ಚಲನೆ ಒಂದು ಅಂಗದಿಂದ ಇನ್ನೊಂದಕ್ಕೆ ಹರಿಯುತ್ತ ಹೋಗುತ್ತದೆ, ಮುಂದೆ ಯಾವುದು ಎಂದು ಹೇಳಲಾಗದು. ನಾಲಿಗೆ ಹೊರಚಾಚು ಎಂದರೆ ಕೆಲವು ಸೆಕೆಂಡು ಹಿಡಿದಿಡಲಾಗುವುದಿಲ್ಲ, ಸರ್ರನೆ ಒಳಗೆ ಹೋಗುತ್ತದೆ. ನಿಮ್ಮ ಬೆರಳು ಹಿಡಿಯಲು ಹೇಳಿದರೆ ಹಿಡಿತ ಬಿಗಿ, ಸಡಿಲ, ಬಿಗಿ, ಸಡಿಲ, ಹಾಲು ಕರೆಯುವ ಕೈಯಂತೆ. ಇದನ್ನು ಗುರುತಿಸದೆ ಬಿಟ್ಟರೆ ನಷ್ಟ ಹೃದಯಕ್ಕೆ. ಕವಾಟಕ್ಕೆ ಆಗಿರುವ ಪೆಟ್ಟು ಸ್ಟೆತಾಸ್ಕೋಪಿಗೂ ಸಿಗದಿರಬಹುದು, ಎಕೋ ಎಂಬ ಹೃದಯದ ಸ್ಕ್ಯಾನ್ ಬೇಕೇ ಬೇಕು. ಇದೆಂದು ಖಚಿತವಾದರೆ ಪೆನಿಸಿಲಿನ್ ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ನಾಲ್ಕು ದಿನದ ಮಾತ್ರೆಯಿಂದ ಮುಗಿಯುವ ಕೆಲಸವಲ್ಲ.

ದಿನಗಳಲ್ಲಿ ವಾರಗಳಲ್ಲಿ ವರ್ತನೆ ಕೆಟ್ಟು, ನಿದ್ದೆ ಹಾರಿ, ಮಾತು ಕಡಿಮೆಯಾಗಿ, ಬಾಯಿ ನಾಲಿಗೆ ವಿಚಿತ್ರವಾಗಿ ಆಡತೊಡಗಿ ಫಿಟ್ಸ್ ಬಂದರೆ ಅದು ಮೆದುಳಿನ ಸ್ವಯಂನಿರೋಧಕ ಉರಿಯೂತ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬೀಳುವ ಕಾಯಿಲೆ ಇರಬಹುದು. ಇದರ ಮುಖ್ಯ ಬಗೆಯಾದ, ನರಕೋಶಗಳು ಸಂದೇಶ ಪಡೆಯಲು ಬಳಸುವ ಎನ್‌ಎಂಡಿಎ ಗ್ರಾಹಕದ ವಿರುದ್ಧದ ಉರಿಯೂತವನ್ನು ವೈದ್ಯಲೋಕ ಗುರುತಿಸಿದ್ದೇ 2007ರಲ್ಲಿ. ಅದಕ್ಕೂ ಮೊದಲು ಇಂತಹವರಲ್ಲಿ ಎಷ್ಟೋ ಜನ ಮನೋರೋಗವೆಂದೇ ಚಿಕಿತ್ಸೆ ಪಡೆದಿರಬೇಕು. ಬೆನ್ನುಹುರಿಯ ದ್ರವದಲ್ಲಿ ಪ್ರತಿಕಾಯ ಪತ್ತೆಯಾಗುತ್ತದೆ, ಬೇಗ ಹಿಡಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಹೊಸದಾರಿ
ನಾಲಿಗೆ ಚಾಚಿಸಿ ನೋಡಿದೆವು, ನಿಲ್ಲುತ್ತಿಲ್ಲ. ಈಗಲೇ ಹೊರಟಿದ್ದೇವೆ.

ಅನುಮಾನಪ್ರಿಯ
ಅವರ ಮಗಳಿಗೆ ಒಳ್ಳೆಯದಾಗಲಿ. ಇದನ್ನು ನಾನು ‘ತಾನಾಗಿ ಸರಿಹೋಗುತ್ತದೆ’ ಎನ್ನುವ ಪಟ್ಟಿಗೆ ಸೇರಿಸುವುದಿಲ್ಲ. ಆದರೆ ನನ್ನ ಮೂಲ ಅನುಮಾನ ಹಾಗೆಯೇ ಇದೆ. ಎಡಿಎಚ್‌ಡಿ ಮಾತ್ರೆ ಕೊಡುತ್ತಾರೆ, ಮಗು ಓದಲು ಕೂರುತ್ತದೆ, ‘ನೋಡಿ, ಎಡಿಎಚ್‌ಡಿಯೇ ಆಗಿತ್ತು’ ಎನ್ನುತ್ತಾರೆ. ಇದು ಎಂತಹ ತರ್ಕ?

ಮಕ್ಕಳ ನರವೈದ್ಯೆ
ಕೆಟ್ಟ ತರ್ಕವೇ. ನಿಮ್ಮೊಂದಿಗೆ ಒಪ್ಪಲು ಅವಕಾಶ ಸಿಕ್ಕಿದ್ದು ಸಂತೋಷ. 1978ರಲ್ಲಿ ಜೂಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಇದೇ ವರ್ಗದ ಔಷಧ ಕೊಟ್ಟು ನೋಡಿದರು. ಅವರ ಗಮನವೂ ಹೆಚ್ಚಿತು, ಓಡಾಟ ಕಡಿಮೆಯಾಯಿತು. ಮಾತ್ರೆಗೆ ಫಲ ಕಂಡಿತು ಎಂಬುದು ನಿರ್ಣಯಕ್ಕೆ ಸಾಕ್ಷಿಯಲ್ಲ. 2013ರ ಡಿಎಸ್ಎಂ-5 ಎಂಬ ಮನೋರೋಗ ನಿರ್ಣಯದ ಕೈಪಿಡಿ ಕೇಳುವುದು ಬೇರೆ: 12 ವರ್ಷಕ್ಕೆ ಮೊದಲೇ ಲಕ್ಷಣಗಳಿದ್ದವೇ, ಮನೆ ಮತ್ತು ಶಾಲೆ ಎರಡರಲ್ಲಿಯೂ ಇವೆಯೇ, ಆರು ತಿಂಗಳಿಂದ ಇವೆಯೇ, ಬದುಕಿಗೆ ಅಡ್ಡಿಯಾಗುತ್ತಿವೆಯೇ, ಬೇರೆ ಕಾಯಿಲೆಯಿಂದ ವಿವರಿಸಲು ಆಗುತ್ತದೆಯೇ. ಕೊನೆಯ ಪ್ರಶ್ನೆಯನ್ನೇ ಹಲವರು ಹಾರಿಸಿಬಿಡುತ್ತಾರೆ.

ಗೊರಕೆ ಹೊಡೆಯುವ, ಬಾಯಲ್ಲಿ ಉಸಿರಾಡುವ ಮಗುವಿಗೆ ರಾತ್ರಿಯ ನಿದ್ದೆಯೇ ಸರಿಯಿರುವುದಿಲ್ಲ. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತಾರೆ, ಮಕ್ಕಳು ಕುಣಿಯುತ್ತಾರೆ. ಕಬ್ಬಿಣದ ಕೊರತೆಯಿಂದ ಕಾಲು ಚಡಪಡಿಸಿ ನಿದ್ದೆ ಬಾರದವರಿದ್ದಾರೆ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್ ಕೆಲವು ಮಕ್ಕಳನ್ನು ವಿಪರೀತ ಚುರುಕಾಗಿಸುತ್ತದೆ, ಲೆವೆಟಿರಾಸೆಟಮ್ ಸಿಡುಕು ತರಿಸಬಹುದು. ಮೊದಲು ಮಾತ್ರೆಯ ಚೀಟಿ ನೋಡಿ, ಆಮೇಲೆ ಮಗುವನ್ನು ಬೈಯಿರಿ.

ಆಟಮನೆ
ಸಿಟ್ಟಿನ ಬಗ್ಗೆಯೂ ಹೇಳಿಬಿಡುತ್ತೇನೆ, ಅದಕ್ಕೆ ಯಾರಾದರೂ ಬೈಪೋಲಾರ್ ಎಂದು ಹೆಸರಿಡುವ ಮೊದಲು. ಬೈಪೋಲಾರ್ ಕಾಯಿಲೆ ಅಲೆಯಂತೆ ಬರುತ್ತದೆ: ಮಗು ತನ್ನ ಎಂದಿನ ಸ್ವಭಾವದಿಂದ ಬೇರೆಯೇ ಆಗಿ, ದಿನಗಟ್ಟಲೆ ಎರಡು ಮೂರು ಗಂಟೆ ಮಾತ್ರ ಮಲಗಿಯೂ ದಣಿಯದೆ, ತಾನು ಏನು ಬೇಕಾದರೂ ಮಾಡಬಲ್ಲೆ ಎಂದು ಹಾರಾಡುತ್ತದೆ. ಆಮೇಲೆ ಆ ಅವಧಿ ಮುಗಿಯುತ್ತದೆ. ವರ್ಷವಿಡೀ ಸಿಡುಕುವ ಮಗುವಿನದು ಅದಲ್ಲ. ಅಮೆರಿಕದಲ್ಲಿ ಇಂತಹ ಮಕ್ಕಳಿಗೆ ಬೈಪೋಲಾರ್ ಎಂಬ ಹೆಸರು ಅತಿಯಾಗಿ ಬಿದ್ದ ಕಾರಣವೇ ಡಿಎಸ್ಎಂ-5ರಲ್ಲಿ ನಿರಂತರ ಸಿಡುಕಿಗೆ ಡಿಎಂಡಿಡಿ ಎಂಬ ಬೇರೆ ಹೆಸರು ಮಾಡಬೇಕಾಯಿತು. ಬಿಳಿಮೋಡ ಅವರ ಮಗ ಕೂಗಾಟದ ನಡುವಿನ ಹೊತ್ತಿನಲ್ಲಿ ಖುಷಿಯಾಗಿದ್ದರೆ ಅದಕ್ಕೂ ಹೊಂದುವುದಿಲ್ಲ.

ಹೊಡೆತ, ಜಗಳ, ಯಾರದೋ ಸಾವು ಕಂಡ ಮಗು ಸದಾ ಎಚ್ಚರಿಕೆಯಲ್ಲಿರುತ್ತದೆ. ಬಾಗಿಲಿನ ಸದ್ದಿಗೆಲ್ಲ ತಿರುಗುತ್ತದೆ, ಪುಸ್ತಕದ ಮೇಲೆ ಕಣ್ಣು ನಿಲ್ಲುವುದಿಲ್ಲ. ಪಟ್ಟಿ ಹಿಡಿದು ಗುರುತು ಹಾಕಿದರೆ ಎಡಿಎಚ್‌ಡಿಯ ಅಂಕಗಳೆಲ್ಲ ಬರುತ್ತವೆ. ಮನೆಯಲ್ಲಿ ಏನಾಗುತ್ತಿದೆ ಎಂದು ಮಗುವನ್ನು ಒಂಟಿಯಾಗಿ ಕೇಳದೆ ಇದು ತಿಳಿಯುವುದಿಲ್ಲ.

ನಡುರಾತ್ರಿ
ಎರಡು ಕಾಯಿಲೆ ಒಟ್ಟಿಗೇ ಇರಬಾರದೇ? ನನ್ನ ಮಗಳಿಗೆ ಆಟಿಸಂ, ಎಡಿಎಚ್‌ಡಿ ಎರಡೂ ಇವೆ ಎನ್ನುತ್ತಾರೆ. ಹಿಂದೆ ಒಬ್ಬರು ಹಾಗಿರಲು ಸಾಧ್ಯವೇ ಇಲ್ಲ ಎಂದಿದ್ದರು.

ಮಕ್ಕಳ ನರವೈದ್ಯೆ
2013ಕ್ಕೆ ಮೊದಲಿನ ಕೈಪಿಡಿಯ ನಿಯಮ ಹಾಗಿತ್ತು, ಆಟಿಸಂ ಇದ್ದರೆ ಎಡಿಎಚ್‌ಡಿ ಬರೆಯುವಂತಿರಲಿಲ್ಲ. ಡಿಎಸ್ಎಂ-5 ಅದನ್ನು ತೆಗೆದುಹಾಕಿತು. ಈಗ ಎರಡೂ ಒಟ್ಟಿಗೆ ಇರುವುದು ದಿನನಿತ್ಯದ ಅನುಭವ. ಟುರೆಟ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿಗೆ ಎಡಿಎಚ್‌ಡಿ ಇರುತ್ತದೆ, ಗೀಳು ಕೂಡ ಸಾಮಾನ್ಯ. ಟಿಕ್ ಇದ್ದರೆ ಎಡಿಎಚ್‌ಡಿ ಔಷಧ ಕೊಡಲೇಬಾರದು ಎಂಬ ಹಳೆಯ ಭಯಕ್ಕೆ 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಆಧಾರ ಸಿಗಲಿಲ್ಲ. ಒಂದೊಂದು ಮಗುವಿನಲ್ಲಿ ಹೆಚ್ಚಾಗಬಹುದು, ಗಮನಿಸುತ್ತಿರಬೇಕು ಅಷ್ಟೇ.

ಬೆಳೆಯಬೇಕಾದ ಮಗು ಹಿಂದಕ್ಕೆ ಜಾರುವುದು ಮಾತ್ರ ಈ ಲೆಕ್ಕದಲ್ಲಿಲ್ಲ. ಎಡಿಎಚ್‌ಡಿ ಇರುವ ಮಗು ಕಲಿತದ್ದನ್ನು ಕಳೆದುಕೊಳ್ಳುವುದಿಲ್ಲ. ಎಂಟನೇ ವರ್ಷದವರೆಗೆ ಚೆನ್ನಾಗಿದ್ದ ಹುಡುಗ ಚಂಚಲನಾಗಿ, ಕೇಳಿದ್ದು ಅರ್ಥವಾಗದೆ, ಕಣ್ಣು ಮಂಜಾಗಿ, ನಡೆ ತಪ್ಪಿದರೆ ಅಡ್ರಿನೋಲ್ಯೂಕೋಡಿಸ್ಟ್ರೋಫಿ, ಅಂದರೆ ಮೆದುಳಿನ ನರಗಳ ಹೊದಿಕೆ ಹಾಳಾಗುವ ಆನುವಂಶಿಕ ಕಾಯಿಲೆ ಇರಬಹುದು. ಅಸ್ಥಿಮಜ್ಜೆ ಕಸಿ ಫಲಕೊಡುವುದು ಆರಂಭದ ಹಂತದಲ್ಲಿ ಮಾತ್ರ. ಹದಿಹರೆಯದಲ್ಲಿ ಅಕ್ಷರ ಕೆಟ್ಟು, ಮಾತು ತೊದಲಿ, ಜೊಲ್ಲು ಸುರಿದು ಸ್ವಭಾವ ಬದಲಾದರೆ ವಿಲ್ಸನ್ ಕಾಯಿಲೆ. ದೇಹದಲ್ಲಿ ತಾಮ್ರ ಸೇರಿಕೊಳ್ಳುವ ಇದನ್ನು 1912ರಲ್ಲಿ ವಿವರಿಸಲಾಯಿತು. ರಕ್ತ, ಮೂತ್ರ ಮತ್ತು ಕಣ್ಣಿನ ಪರೀಕ್ಷೆಯಿಂದ ಪತ್ತೆಯಾಗುತ್ತದೆ, ಚಿಕಿತ್ಸೆಯೂ ಇದೆ. ಹಿಂದೆಂದೋ ದಡಾರ ಬಂದಿದ್ದ ಮಗು ವರ್ಷಗಳ ನಂತರ ಓದಿನಲ್ಲಿ ಕುಸಿದು, ಆಗಾಗ ಬೆಚ್ಚಿಬಿದ್ದಂತೆ ಮೈ ಜಗ್ಗತೊಡಗಿದರೆ ಎಸ್‌ಎಸ್‌ಪಿಇ, ಅಂದರೆ ದಡಾರದ ವೈರಸ್ ಮೆದುಳಿನಲ್ಲಿ ಉಳಿದು ತರುವ ಕಾಯಿಲೆ. ಇವೆಲ್ಲ ಅಪರೂಪ. ಆದರೆ ಮೂರಕ್ಕೂ ಮೊದಲು ಶಾಲೆಯಿಂದ ಬರುವ ದೂರು ಒಂದೇ, ‘ಇತ್ತೀಚೆಗೆ ಓದುವುದಿಲ್ಲ’.

ಬಿಳಿಮೋಡ
ನರರೋಗ ತಜ್ಞರ ಭೇಟಿ ಮುಂದಿನ ವಾರ. ಏನು ತೆಗೆದುಕೊಂಡು ಹೋಗಬೇಕು?

ಮಕ್ಕಳ ನರವೈದ್ಯೆ
ಮೊಬೈಲ್ ವಿಡಿಯೋ, ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. ದಿಟ್ಟಿಸುವಾಗಿನದು, ಕಣ್ಣು ಮಿಟುಕಿಸುವಾಗಿನದು, ಎರಡು ಮೂರು ವರ್ಷದವನಿದ್ದಾಗಿನದು. ವಿಡಿಯೋ ತೆಗೆಯುವಾಗ ಒಬ್ಬರು ಅವನ ಭುಜ ಮುಟ್ಟಲಿ, ಹೆಸರು ಕರೆಯಲಿ, ಅದು ವಿಡಿಯೋದಲ್ಲಿ ಕಾಣಲಿ. ಕಳೆದ ವರ್ಷದ ಮತ್ತು ಈ ವರ್ಷದ ನೋಟ್‌ಪುಸ್ತಕ ಒಂದೊಂದು. ಕೊಡುತ್ತಿರುವ ಔಷಧಗಳ ಚೀಟಿ. ಎರಡು ಮೂರು ಶಿಕ್ಷಕರ ಮಾತು, ಬರವಣಿಗೆಯಲ್ಲಿ.

ಅಲ್ಲಿ ಕಾಗದದ ಗಿರಿಗಿಟ್ಟಲೆ ಕೊಟ್ಟು ಮೂರು ನಿಮಿಷ ಬಿಡದೆ ಊದಿಸುತ್ತಾರೆ, ಆಟವೆಂದು ತಿಳಿಯಬೇಡಿ. ಜೋರಾಗಿ ಉಸಿರಾಡಿದಾಗ ಆಬ್ಸೆನ್ಸ್ ಇರುವ ಮಗುವಿನಲ್ಲಿ ಅದು ವೈದ್ಯರ ಕಣ್ಣೆದುರೇ ಬರುತ್ತದೆ. ಮನೆಯಲ್ಲಿ ನೀವು ಪ್ರಯತ್ನಿಸಬೇಡಿ.

ಹಳೆಮೇಷ್ಟ್ರು
ಇಇಜಿ ಸರಿಯಾಗಿ ಬಂದುಬಿಟ್ಟರೆ?

ಮಕ್ಕಳ ನರವೈದ್ಯೆ
ಔಷಧ ಶುರುವಾಗಿಲ್ಲದ ಮಗು ಮೂರು ನಿಮಿಷ ಚೆನ್ನಾಗಿ ಊದಿ, ಆಗಲೂ ಇಇಜಿ ಸಹಜವಾಗಿದ್ದರೆ ಆಬ್ಸೆನ್ಸ್ ಇರುವ ಸಾಧ್ಯತೆ ತೀರ ಕಡಿಮೆ. ಸರಿಯಾಗಿ ಊದದಿದ್ದರೆ ಮತ್ತೊಮ್ಮೆ ಮಾಡಿಸಬೇಕು. ಉಲ್ಟಾ ಕೂಡ ಇದೆ: ಎಂದೂ ಫಿಟ್ಸ್ ಬಾರದ ಕೆಲವು ಆರೋಗ್ಯವಂತ ಮಕ್ಕಳ ಇಇಜಿಯಲ್ಲಿಯೂ ಸಣ್ಣಪುಟ್ಟ ಏರುಪೇರು ಕಾಣುತ್ತದೆ. ದಿಟ್ಟಿಸುವ ಆ ಗಳಿಗೆಯಲ್ಲೇ ಸೆಕೆಂಡಿಗೆ ಮೂರರಂತೆ ಬರುವ ಅಲೆಗಳು ಕಂಡರೆ ಮಾತ್ರ ನಾನು ಔಷಧದ ಚೀಟಿ ಬರೆಯುತ್ತೇನೆ.